ನೆಲದ ಮೇಲೆ ನಿಧಾನಕ್ಕೆ ಹೋಗೋ ವಿಮಾನಗಳು ಒಂದಕ್ಕೊಂದು ಹೇಗೆ ತಾಗ್ತವೆ? ಪೈಲಟ್‌ಗೆ ಕಾಣಲ್ವಾ?

ದೇವನಹಳ್ಳಿ ಹಕ್ಕಿ:

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ಕೊರೀತಿರೋ ಪ್ರಶ್ನೆ, ಇಲ್ಲಿ ಏರ್‌ಪೋರ್ಟ್ ಒಳಗೆ ಕೆಲಸ ಮಾಡೋರು ಕೆಲವ್ರು ಇದೀರ ಅಂತ ಗೊತ್ತು, ಅದಕ್ಕೆ ಕೇಳ್ತಿದೀನಿ.

2024ರ ಮಾರ್ಚ್ 27ಕ್ಕೆ ಕೋಲ್ಕತ್ತಾದಲ್ಲಿ ಆಗಿದ್ದು ನೆನಪಿರ್ಬೇಕು. ಚೆನ್ನೈಗೆ ಹೊರಡೋಕೆ ರನ್‌ವೇ ಹತ್ರ ಕಾಯ್ತಾ ನಿಂತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನಕ್ಕೆ, ದರ್ಭಂಗಾಗೆ ಹೋಗ್ಬೇಕಿದ್ದ ಇಂಡಿಗೋ ವಿಮಾನದ ರೆಕ್ಕೆ ಉಜ್ಜಿ, ನಿಂತಿದ್ದ ವಿಮಾನದ ರೆಕ್ಕೆ ತುದಿ ಮುರಿದು ಬಿತ್ತು. ಅದೇ ವರ್ಷ ಸೆಪ್ಟೆಂಬರ್ 10ಕ್ಕೆ ಅಟ್ಲಾಂಟಾದಲ್ಲಿ ಟೋಕಿಯೋಗೆ ಹೊರಟಿದ್ದ ಡೆಲ್ಟಾ ಏರ್‌ಲೈನ್ಸ್‌ನ ದೊಡ್ಡ ಎ350 ವಿಮಾನ ಒಂದು ಸಣ್ಣ ಸಿಆರ್‌ಜೆ ವಿಮಾನದ ಬಾಲವನ್ನೇ ಕಿತ್ತುಹಾಕ್ತು, ಆ ಫೋಟೋ ನೋಡಿದ್ರೆ ಎದೆ ಝಲ್ ಅನ್ನತ್ತೆ. ಆಮೇಲೆ 2025ರ ಫೆಬ್ರವರಿ 5ಕ್ಕೆ ಸಿಯಾಟಲ್‌ನಲ್ಲಿ ಜಪಾನ್ ಏರ್‌ಲೈನ್ಸ್‌ನ 787 ರೆಕ್ಕೆ ಹೋಗಿ ಡೆಲ್ಟಾದ 737 ಬಾಲಕ್ಕೆ ಸಿಕ್ಕಿಹಾಕ್ಕೊಂಡ್ತು. ಮೂರೂ ಹಗಲು ಹೊತ್ತಲ್ಲೇ ಆಗಿದ್ದು. ಮೂರರಲ್ಲೂ ಒಂದು ವಿಮಾನ ಸುಮ್ನೆ ನಿಂತಿತ್ತು!

ನನಗೆ ಅರ್ಥ ಆಗದೇ ಇರೋದು ಇಷ್ಟೇ. ಆಕಾಶದಲ್ಲಿ ಮೋಡ, ಕತ್ತಲೆ, ಆ ಸ್ಪೀಡು ಎಲ್ಲಾ ಇದ್ರೂ ವಿಮಾನಗಳು ಡಿಕ್ಕಿ ಹೊಡೆಯೋದು ತೀರಾ ಅಪರೂಪ. ನೆಲದ ಮೇಲೆ ನಮ್ಮ ಸ್ಕೂಟರ್ ಸ್ಪೀಡಲ್ಲಿ ಹೋಗ್ತಾ ಇರತ್ತೆ, ಬ್ರೇಕ್ ಇದೆ, ಇಬ್ರು ಪೈಲಟ್ ಇದಾರೆ, ಮೇಲಿಂದ ಟವರ್ ನೋಡ್ತಾ ಇದೆ, ಆದ್ರೂ ಹೇಗೆ ತಾಗತ್ತೆ? ಎಂಟು ಲಕ್ಷದ ಕಾರಲ್ಲಿ ರಿವರ್ಸ್ ಕ್ಯಾಮೆರಾ ಬೀಪ್ ಬೀಪ್ ಅನ್ನತ್ತೆ, ಸಾವಿರಾರು ಕೋಟಿ ವಿಮಾನದ ರೆಕ್ಕೆ ತುದೀಲಿ ಒಂದು ಸೆನ್ಸರ್ ಇಡೋಕಾಗಲ್ವಾ? ನಮ್ಮಕ್ಕ ಕೆಲಸದ ಮೇಲೆ ಪದೇ ಪದೇ ಹಾರ್ತಾಳೆ, ಇದನ್ನ ಓದಿದ ಮೇಲೆ ಅವಳಿಗಿಂತ ನನಗೇ ಜಾಸ್ತಿ ಯೋಚನೆ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಮೈಸೂರು ಪಯಣಿಗ:

ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ ಗುರು, ಅಜಾಗರೂಕತೆ ಅಷ್ಟೇ. ನಿಂತಿರೋ ವಿಮಾನಕ್ಕೆ ಹೋಗಿ ಗುದ್ದೋದು ಅಂದ್ರೆ ಯಾರ ತಪ್ಪು ಅಂತ ಬೇರೆ ಹೇಳ್ಬೇಕಾ. ಕೋಲ್ಕತ್ತಾ ಕೇಸಲ್ಲಿ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಇಂಡಿಗೋದ ಇಬ್ರೂ ಪೈಲಟ್‌ಗಳನ್ನ ಡ್ಯೂಟಿಯಿಂದ ಇಳಿಸಿ ತನಿಖೆ ಮಾಡ್ತು, ಸರಿಯಾಗೇ ಮಾಡಿದ್ರು. ನೂರಾರು ಜನರ ಜೀವ ಕೈಯಲ್ಲಿ ಇಟ್ಕೊಂಡು ಮುಂದೆ ನೋಡದೇ ಹೋದ್ರೆ ಹೇಗೆ?

ರ‍್ಯಾಂಪ್ ನೋಟ:

ಪಯಣಿಗ ಅವ್ರೆ, ನಿಮ್ಮ ಸಿಟ್ಟು ಅರ್ಥ ಆಗತ್ತೆ, ಆದ್ರೆ ಮುಂದೆ ನೋಡಿದ್ರೆ ಸಾಲದು ಅನ್ನೋದೇ ಇಲ್ಲಿ ಕಷ್ಟ, ಯಾಕಂದ್ರೆ ತಾಗೋದು ಮುಂದೆ ಅಲ್ಲ, ಪಕ್ಕದಲ್ಲಿ ಮತ್ತೆ ಹಿಂದೆ. ನಾನು ರ‍್ಯಾಂಪ್‌ನಲ್ಲಿ (ವಿಮಾನ ನಿಲ್ಲಿಸಿ ಜನ, ಸಾಮಾನು ಹತ್ತಿಸೋ ಅಂಗಳ) ಕೆಲಸ ಮಾಡೋನು, ಯಾವ ಏರ್‌ಪೋರ್ಟು ಯಾವ ಕಂಪನಿ ಅಂತ ಬೇಡ.

ಮೊದಲು ಪುಷ್‌ಬ್ಯಾಕ್ ಬಗ್ಗೆ ಹೇಳ್ತೀನಿ. ವಿಮಾನ ಸ್ಟ್ಯಾಂಡಿಂದ, ಅಂದ್ರೆ ನಿಲ್ಲೋ ಜಾಗದಿಂದ, ಹಿಂದಕ್ಕೆ ಹೋಗುವಾಗ ಪೈಲಟ್‌ಗೆ ಹಿಂದೆ ಏನೇನೂ ಕಾಣಲ್ಲ, ಆ ಹೊತ್ತಲ್ಲಿ ಅವರ ಕಣ್ಣು ಅಂದ್ರೆ ನಾವು. ವಿಮಾನ ತಳ್ಳೋ ಗಾಡಿ, ಅಂದ್ರೆ ಟಗ್ ಓಡಿಸೋನು ಒಬ್ಬ, ಮೂಗಿನ ಚಕ್ರದ ಹತ್ರ ಹೆಡ್‌ಸೆಟ್ ಹಾಕ್ಕೊಂಡು ಕಾಕ್‌ಪಿಟ್ ಜೊತೆ ಮಾತಾಡೋನು ಒಬ್ಬ, ರೆಕ್ಕೆ ತುದೀಲಿ ಜಾಗ ನೋಡ್ತಾ ನಡೆಯೋ ವಿಂಗ್ ವಾಕರ್‌ಗಳು. ವಿಂಗ್ ವಾಕರ್ ಕೈಯಲ್ಲಿರೋ ವಾಂಡ್ (ಸನ್ನೆ ಕೋಲು) ಎರಡನ್ನೂ ತಲೆ ಮೇಲೆ ಅಡ್ಡಡ್ಡ ಹಿಡಿದ ಅಂದ್ರೆ ಮುಗೀತು, ಎಲ್ಲಾ ನಿಲ್ಲಬೇಕು, ಯಾಕೆ ಏನು ಅಂತ ಆಮೇಲೆ ಕೇಳ್ಬೋದು. ಮಳೆಗಾಲದ ರಾತ್ರೀಲಿ ರೇನ್‌ಕೋಟ್ ಟೋಪಿ ಕಿವಿ ಮುಚ್ಚಿರತ್ತೆ, ಪಕ್ಕದ ಸ್ಟ್ಯಾಂಡ್‌ನಲ್ಲಿ ಇಂಜಿನ್ ಕಿರುಚ್ತಿರತ್ತೆ, ನೆಲ ಒದ್ದೆಯಾಗಿ ಲೈಟೆಲ್ಲಾ ಪ್ರತಿಫಲಿಸಿ ಹಳದಿ ಗೆರೆನೇ ಕಾಣಲ್ಲ, ಆಗ ರೆಕ್ಕೆ ತುದಿಗೂ ಪಕ್ಕದ ವಿಮಾನಕ್ಕೂ ಎಷ್ಟು ಜಾಗ ಇದೆ ಅಂತ ಕೆಳಗಿಂದ ಅಂದಾಜು ಮಾಡೋದು ಹೊಸಬರಿಗೆ ಸುಲಭ ಅಲ್ಲ. ತುದಿಯ ನೇರ ಕೆಳಗೆ ನಡೀಬೇಕು, ಒಳಗಡೆ ನಡೆದ್ರೆ ಜಾಗ ಇದೆ ಅಂತಲೇ ಅನ್ಸತ್ತೆ.

ಇನ್ನೊಂದು, ರೆಕ್ಕೆ ಹಿಂದಕ್ಕೆ ಬಾಗಿರೋದ್ರಿಂದ ವಿಮಾನ ತಿರುಗುವಾಗ ಹೊರಗಡೆಯ ತುದಿ ನೇರ ಹೋಗುವಾಗಿನ ದಾರಿಗಿಂತ ಆಚೆಗೆ ಬೀಸತ್ತೆ. ವಿಂಗ್ ಗ್ರೋತ್ ಅಂತೀವಿ. ನೇರಕ್ಕೆ ಲೆಕ್ಕ ಹಾಕಿ ಜಾಗ ಇದೆ ಅಂದ್ಕೊಂಡು ತಿರುಗಿಸಿದ್ರೆ ಆ ಜಾಗ ಇರಲ್ಲ.

ಆಮೇಲೆ ನಮ್ಮ ಕಡೆಯಿಂದ ಆಗೋ ತೊಂದರೆಯೂ ಹೇಳ್ಬೇಕು. ಬಂದಿಳಿದ ವಿಮಾನಕ್ಕೆ ಸ್ಟ್ಯಾಂಡ್ ಖಾಲಿ ಇಲ್ಲ, ಅಥವಾ ಒಳಗೆ ಕರ‍್ಕೊಳ್ಳೋಕೆ ಕೈಸನ್ನೆ ಮಾಡೋ ಮಾರ್ಷಲರ್ ಬಂದಿಲ್ಲ, ಅಥವಾ ಯಾವ್ದೋ ಬ್ಯಾಗೇಜ್ ಟ್ರಾಲಿ ಕೆಂಪು ಗೆರೆ ಒಳಗೆ ಬಿಟ್ಟು ಹೋಗಿದಾರೆ ಅಂದ್ರೆ ಪೈಲಟ್ ಒಳಗೆ ಬರೋ ಹಾಗಿಲ್ಲ. ಹೊರಗಡೆನೇ ನಿಲ್ತಾರೆ. ಮೂಗು ಸ್ಟ್ಯಾಂಡ್ ಕಡೆ, ಬಾಲ ಟ್ಯಾಕ್ಸಿವೇ (ವಿಮಾನಗಳು ನೆಲದ ಮೇಲೆ ಓಡಾಡೋ ದಾರಿ) ಕಡೆ. ಹಿಂದಿಂದ ಬರೋ ದೊಡ್ಡ ವಿಮಾನಕ್ಕೆ ಆ ಬಾಲ ಅಡ್ಡ. 2 ನಿಮಿಷ ತಡವಾಗಿ ಬಂದ ಮಾರ್ಷಲರ್ ಹೆಸರು ಯಾವ ಪೇಪರ್‌ನಲ್ಲೂ ಬರಲ್ಲ, ಆದ್ರೆ ಸರಪಳಿ ಶುರು ಆಗೋದು ಅಲ್ಲಿಂದಲೂ ಇರ್ಬೋದು.

ಬೆಂಗಳೂರಲ್ಲಿ 2025ರ ಏಪ್ರಿಲ್ 18ಕ್ಕೆ ಟೆಂಪೊ ಟ್ರಾವೆಲರ್ ಒಂದು ನಿಂತಿದ್ದ ಇಂಡಿಗೋ ವಿಮಾನಕ್ಕೆ ಗುದ್ದಿ ಗಾಡಿಯ ಚಾವಣಿ ಜಜ್ಜಿಹೋಗಿದ್ದು ನೋಡಿರ್ತೀರ. ವಿಮಾನ ವಿಮಾನಕ್ಕೆ ತಾಗಿದ್ದಲ್ಲ ಅದು, ಆದ್ರೆ ಆ ಜಾಗದ ಇಕ್ಕಟ್ಟು ಎಂಥದ್ದು ಅಂತ ಅದರಲ್ಲೇ ಗೊತ್ತಾಗತ್ತೆ.

ಬಲಗಡೆ ಸೀಟು:

ರ‍್ಯಾಂಪ್ ನೋಟ ಅವ್ರು ಚೆನ್ನಾಗಿ ಹೇಳಿದಾರೆ. ನಾನು ಎ320 ವಿಮಾನದ ಫಸ್ಟ್ ಆಫೀಸರ್, ಅಂದ್ರೆ ಕ್ಯಾಪ್ಟನ್ ಪಕ್ಕದ ಸಹಪೈಲಟ್. ಕಾಕ್‌ಪಿಟ್ ಒಳಗಿಂದ ಹೇಗಿರತ್ತೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ಎ320 ರೆಕ್ಕೆಯ ಒಟ್ಟು ಅಗಲ 35.8 ಮೀಟರ್. ಅಂದ್ರೆ ನಮ್ಮ ತುದಿ ನಮ್ಮಿಂದ ಹೆಚ್ಚುಕಮ್ಮಿ 18 ಮೀಟರ್ ಪಕ್ಕಕ್ಕೆ, ಜೊತೆಗೆ ಸಾಕಷ್ಟು ಹಿಂದಕ್ಕೆ. ಮುಖವನ್ನ ಪಕ್ಕದ ಕಿಟಕಿಗೆ ಹತ್ತಿಸಿ ಕುತ್ತಿಗೆ ಹೊರಳಿಸಿದ್ರೆ ನನ್ನ ಕಡೆಯ ತುದಿ ಕಾಣತ್ತೆ. ಕ್ಯಾಪ್ಟನ್ ಕಡೆಯದ್ದು ನನಗೆ ಕಾಣಲ್ಲ, ನನ್ನದು ಅವರಿಗೆ ಕಾಣಲ್ಲ. ಕಂಡ್ರೂ ಕೂಡ, ಅಷ್ಟು ದೂರದಲ್ಲಿರೋ ತುದಿಗೂ ಅದರಾಚೆ ಇರೋ ಬಾಲಕ್ಕೂ ಮಧ್ಯೆ 3 ಮೀಟರ್ ಇದ್ಯೋ ಒಂದಡಿ ಇದ್ಯೋ ಅಂತ ಓರೆಯಾಗಿ ನೋಡಿ ಹೇಳೋದು ಬಹಳ ಕಷ್ಟ. ಇನ್ನು 747, 777, ಎ380 ಅಂಥ ದೊಡ್ಡವುಗಳಲ್ಲಿ ತುದಿ ನೋಡೋದೇ ದೊಡ್ಡ ಪಾಡು.

ಹಾಗಾದ್ರೆ ನಾವು ಏನನ್ನ ನಂಬಿ ಹೋಗ್ತೀವಿ? ಹಳದಿ ಗೆರೆ. ಟ್ಯಾಕ್ಸಿವೇ ಮಧ್ಯದ ಹಳದಿ ಗೆರೆ ಮೇಲೆ ಮೂಗಿನ ಚಕ್ರ ಇಟ್ಕೊಂಡು ಹೋದ್ರೆ ಎರಡೂ ಕಡೆ ಜಾಗ ಇರೋ ಹಾಗೆ ಏರ್‌ಪೋರ್ಟ್ ಕಟ್ಟಿರ್ತಾರೆ. ಅಂತಾರಾಷ್ಟ್ರೀಯ ನಿಯಮದಲ್ಲಿ ರೆಕ್ಕೆಯ ಅಗಲದ ಮೇಲೆ ವಿಮಾನಗಳಿಗೆ ಕೋಡ್ ಇದೆ: 24ರಿಂದ 36 ಮೀಟರ್ ಒಳಗಿನದ್ದು ಕೋಡ್ ಸಿ, 52ರಿಂದ 65ರ ಒಳಗಿನದ್ದು ಕೋಡ್ ಇ, 65ರಿಂದ 80ರ ಒಳಗೆ ಕೋಡ್ ಎಫ್. ಕೋಡ್ ಸಿ ಟ್ಯಾಕ್ಸಿವೇ ಅಂದ್ರೆ ಗೆರೆಯಿಂದ 26 ಮೀಟರ್ ಒಳಗೆ ಅಡ್ಡಿ ಏನೂ ಇರ್ಬಾರ್ದು, ಅರ್ಧ ರೆಕ್ಕೆ 18 ಮೀಟರ್ ಕಳೆದ್ರೆ 8 ಮೀಟರ್ ಉಳೀತು. ಕೇಳೋಕೆ ಧಾರಾಳ ಅನ್ಸತ್ತೆ ಅಲ್ವಾ. ಆದ್ರೆ ಈ ಲೆಕ್ಕ ಸರಿ ಇರೋದು ಉಳಿದ ವಿಮಾನಗಳೆಲ್ಲಾ ತಾವು ಇರ್ಬೇಕಾದ ಜಾಗದಲ್ಲೇ ಇದ್ದಾಗ ಮಾತ್ರ. ಪಕ್ಕದ ಟ್ಯಾಕ್ಸಿವೇಯಲ್ಲಿ ಒಂದು ವಿಮಾನ ಹೋಲ್ಡಿಂಗ್ ಲೈನ್‌ವರೆಗೂ (ರನ್‌ವೇಗೆ ಮುಂಚೆ ಕಾಯೋ ಗೆರೆ) ಮುಂದೆ ಹೋಗದೇ ಸ್ವಲ್ಪ ಹಿಂದೇನೇ ನಿಂತಿದೆ ಅಂದ್ಕೊಳಿ, ಅವರದ್ದೇನೂ ತಪ್ಪಿರಲ್ಲ, ಮುಂದೆ ಇನ್ನೊಂದು ವಿಮಾನ ಇರ್ಬೋದು, ಆದ್ರೆ ಅದರ ಬಾಲ ನಮ್ಮ 26 ಮೀಟರ್ ಒಳಗೆ ಬಂತು. ಗೆರೆ ಇನ್ನೂ ಗೆರೆಯಲ್ಲೇ ಇದೆ, ಜಾಗ ಮಾತ್ರ ಇಲ್ಲ.

ಅಟ್ಲಾಂಟಾದ ಚಿತ್ರ ಹಾಗೇ. ಸಿಆರ್‌ಜೆ ರನ್‌ವೇಗೆ ಹೋಗೋಕೆ ಹೋಟೆಲ್ ಅನ್ನೋ ಟ್ಯಾಕ್ಸಿವೇ ಮೇಲೆ ನಿಂತಿತ್ತು, ಎ350 ಅದರ ಹಿಂದೆ ಅಡ್ಡ ಹಾಯೋ ಎಕೋ ಟ್ಯಾಕ್ಸಿವೇ ಮೇಲೆ ಬಂತು. ಎ350 ರೆಕ್ಕೆ 64.75 ಮೀಟರ್ ಅಗಲ, ಬಲಗಡೆ ತುದಿ ಹೋಗಿ ಬಾಲಕ್ಕೆ ಬಡೀತು. ದೊಡ್ಡ ವಿಮಾನದ ರೆಕ್ಕೆ ತುದಿ ಸಣ್ಣ ವಿಮಾನದ ಬಾಲದ ಎತ್ತರಕ್ಕೇ ಬರತ್ತೆ, ಅದಕ್ಕೇ ಇಂಥ ಕೇಸುಗಳಲ್ಲಿ ಮತ್ತೆ ಮತ್ತೆ ಬಾಲನೇ ಹೋಗೋದು.

ಇನ್ನು ಆ ಹೊತ್ತಲ್ಲಿ ನಾವಿಬ್ರು ಏನು ಮಾಡ್ತಿರ್ತೀವಿ? ಸಾಮಾನ್ಯವಾಗಿ ಕ್ಯಾಪ್ಟನ್ ಟಿಲ್ಲರ್ (ಮೂಗಿನ ಚಕ್ರ ತಿರುಗಿಸೋ ಹಿಡಿ) ಹಿಡಿದು ಓಡಿಸ್ತಿರ್ತಾರೆ, ನೇರ ದಾರೀಲಿ 20-30 ನಾಟ್ (ಗಂಟೆಗೆ ಸುಮಾರು 37-55 ಕಿಲೋಮೀಟರ್) ತನಕ, ತಿರುವಲ್ಲಿ 10ರ ಆಸುಪಾಸು. ನಾನು ರೇಡಿಯೋ, ಚಾರ್ಟ್, ಚೆಕ್‌ಲಿಸ್ಟ್. ಇಂಧನ ಉಳಿಸೋಕೆ ಒಂದೇ ಇಂಜಿನ್‌ನಲ್ಲಿ ಹೊರಟಿದ್ರೆ ಎರಡನೇದನ್ನ ದಾರೀಲೇ ಸ್ಟಾರ್ಟ್ ಮಾಡ್ಬೇಕು, ರನ್‌ವೇ ಬದಲಾಯ್ತು ಅಂದ್ರೆ ಟೇಕಾಫ್ ಲೆಕ್ಕ ಮತ್ತೆ ಮಾಡಿ ಕಂಪ್ಯೂಟರ್‌ಗೆ ಹಾಕ್ಬೇಕು. ಆ ಅರ್ಧ ನಿಮಿಷ ನನ್ನ ತಲೆ ಕೆಳಗೆ, ಅಂದ್ರೆ ಬಲಗಡೆ ರೆಕ್ಕೆಗೆ ಕಣ್ಣೇ ಇಲ್ಲ. ಅದಕ್ಕೇ ಇಕ್ಕಟ್ಟು ಇರೋ ಕಡೆ ಕ್ಯಾಪ್ಟನ್ ಎಲ್ಲಾ ಬಿಡು ಹೊರಗೆ ನೋಡು ಅಂತಾರೆ, ಅನುಮಾನ ಬಂದ್ರೆ ನಿಲ್ಲಿಸಿಬಿಡ್ತಾರೆ. ನಿಲ್ಲಿಸಿದ್ರೆ ಹಿಂದೆ ಸಾಲು ಕಟ್ಟತ್ತೆ, ರೇಡಿಯೋದಲ್ಲಿ ಯಾಕೆ ನಿಂತ್ರಿ ಅಂತ ಕೇಳ್ತಾರೆ, ಕೇಳ್ಲಿ.

ದೇವನಹಳ್ಳಿ ಹಕ್ಕಿ:

ಅಬ್ಬಾ, ಇಷ್ಟು ವಿವರ ಸಿಗತ್ತೆ ಅಂದ್ಕೊಂಡಿರ್ಲಿಲ್ಲ, ಇಬ್ರಿಗೂ ತುಂಬಾ ಥ್ಯಾಂಕ್ಸ್. ಆದ್ರೆ ಟವರ್‌ನವರು? ಅವ್ರೇ ತಾನೇ ಹೋಗಿ ಅಂತ ಪರ್ಮಿಷನ್ ಕೊಡೋದು? ಜಾಗ ಇಲ್ಲ ಅಂದ್ರೆ ಯಾಕೆ ಕೊಡ್ತಾರೆ? ಮತ್ತೆ ಕ್ಯಾಮೆರಾ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಹಳೇ ಟವರಿನವ:

ನಾ ಏರ್ ಟ್ರಾಫಿಕ್ ಕಂಟ್ರೋಲ್‌ನ್ಯಾಗ ಇದ್ದಾಂವ್ರಿ, ಈಗ ರಿಟೈರ್ ಆಗಿ ಧಾರವಾಡದಾಗ ಅದೀನಿ. ಟವರ್ ಬಗ್ಗೆ ಕೇಳೀರಲ್ಲ, ಹೇಳ್ತೇನಿ.

ಟ್ಯಾಕ್ಸಿ ಕ್ಲಿಯರೆನ್ಸ್ ಅಂದ್ರ ಈ ದಾರಿ ಹಿಡಕೊಂಡು ಇಲ್ಲಿತನಕ ಹೋಗ್ರಿ ಅಂತ ಅಷ್ಟ. ನಿಮ್ಮ ರೆಕ್ಕಿ ಯಾವುದಕ್ಕೂ ತಾಗಂಗಿಲ್ಲ ಅಂತ ನಾವು ಬರದುಕೊಟ್ಟ ಗ್ಯಾರಂಟಿ ಅಲ್ಲದು. ಟವರ್‌ನಿಂದ ಆ ಜಾಗಾ ಒಂದೂವರಿ ಕಿಲೋಮೀಟರ್ ದೂರ ಇರಬಹುದು, ಅಷ್ಟು ದೂರದಿಂದ ಒಂದರ ಹಿಂದ ಒಂದು ನಿಂತ ವಿಮಾನದ ಬಾಲಕ್ಕೂ ಇನ್ನೊಂದರ ರೆಕ್ಕಿಗೂ ಎಷ್ಟು ಅಂತರ ಐತಿ ಅಂತ ಕಣ್ಣಿಲೆ ಅಳಿಯಾಕ ಆಗಂಗಿಲ್ರಿ. ಗ್ರೌಂಡ್ ರಾಡಾರ್ ಇದ್ದರ ವಿಮಾನ ಎಲ್ಲಿ ಐತಿ, ಯಾವ ಕಡೆ ಹೊಂಟೈತಿ ಅಂತ ತಿಳೀತೈತಿ, ಒಂದೆರಡು ಮೀಟರ್ ಲೆಕ್ಕ ಅದರಾಗ ನೋಡಾಕ ಬರಂಗಿಲ್ಲ. ಹಂಗಂತ ಕಂಟ್ರೋಲರ್‌ಗೆ ಜವಾಬ್ದಾರಿ ಇಲ್ಲ ಅಂತ ನಾ ಹೇಳವಲ್ಲೆ. ಹಿಂದ ನಿಂತ ವಿಮಾನಕ್ಕ ಚೂರು ಮುಂದ ಸರೀರಿ ಅಂತ ಒಂದು ಮಾತು ಹೇಳಿದರ ಉಳದದ್ದು ಸಲೀಸಾಗತೈತಿ, ಆ ಒಂದು ಮಾತು ಹೇಳಾಕ ರೇಡಿಯೋದಾಗ ಸಂದು ಸಿಗಬೇಕಲ್ಲ, ಗದ್ದಲ ಹೊತ್ತಿನ್ಯಾಗ ಒಬ್ಬರ ಮಾತು ಮುಗಿಯೂದ್ರಾಗ ಇನ್ನೊಬ್ಬರು ಒತ್ತಿರತಾರ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಟ್ಯಾಕ್ಸಿವೇ ಮ್ಯಾಲ ತಾಗೂದು ಬ್ಯಾರೆ, ಟ್ಯಾಕ್ಸಿ ಮಾಡಾಕ ಹೋಗಿ ದಾರಿ ತಪ್ಪಿ ರನ್‌ವೇ ಮ್ಯಾಲ ಬರೂದು ಬ್ಯಾರೆ. ಮೊದಲನೇದರಾಗ ತಗಡು ಹರೀತೈತಿ, ಎರಡನೇದರಾಗ ಜನ ಸಾಯ್ತಾರ. 2001ರ ಅಕ್ಟೋಬರ್ 8, ಇಟಲಿಯ ಮಿಲಾನ್ ಊರಿನ ಲಿನಾಟೆ ಏರ್‌ಪೋರ್ಟ್. ದಟ್ಟ ಮಂಜು. ಸಣ್ಣ ಸೆಸ್ನಾ ಜೆಟ್ ಒಂದಕ್ಕ ಆರ್5 ಅನ್ನೂ ಟ್ಯಾಕ್ಸಿವೇ ಹಿಡೀರಿ ಅಂದಿದ್ದರು, ಅದು ಆರ್6 ಹಿಡೀತು, ಆರ್6 ರನ್‌ವೇ ದಾಟಿ ಹೋಗತಿತ್ತು. ಹಳೇ ಗ್ರೌಂಡ್ ರಾಡಾರ್ ತಗದಿದ್ದರು, ಹೊಸಾದು ಚಾಲೂ ಆಗಿರಲಿಲ್ಲ. ಪೈಲಟ್ ಪಾಪ ನೆಲದ ಮ್ಯಾಲ ಬರದಿದ್ದ ಎಸ್4 ಗುರುತು ಓದಿ ರೇಡಿಯೋದಾಗ ಹೇಳಿದ, ಕಂಟ್ರೋಲರ್‌ನ ನಕ್ಷಾದಾಗ ಆ ಗುರುತೇ ಇರಲಿಲ್ಲ. ಕೋಪನ್‌ಹೇಗನ್‌ಗೆ ಟೇಕಾಫ್ ಮಾಡಾಕ ಹತ್ತಿದ್ದ ಎಸ್‌ಎಎಸ್ ಕಂಪನಿಯ ಪ್ರಯಾಣಿಕರ ವಿಮಾನ ಅದಕ್ಕ ಬಡದು, ಮುಂದ ಹೋಗಿ ಬ್ಯಾಗೇಜ್ ಕಟ್ಟಡಕ್ಕ ಹೊಕ್ಕಿತು. 118 ಮಂದಿ ಹ್ವಾದ್ರು, ಅದರಾಗ ನಾಕು ಮಂದಿ ಕಟ್ಟಡದಾಗ ಕೆಲಸ ಮಾಡಾವ್ರು. ನಾವು ಟ್ರೇನಿಂಗ್‌ನ್ಯಾಗ ಇದನ್ನ ಓದುವಾಗ ಯಾರಿಗೂ ಮಾತೇ ಬರತಿರಲಿಲ್ಲ. ಬೋರ್ಡು, ಗೆರಿ, ಲೈಟು, ನಕ್ಷಾ ಇವು ಅಂದ್ರ ಮನಷ್ಯಾನ ಜೀವ ಅಂತ ಆವತ್ತಿಂದ ನಂಬೇನಿ.

ಮಂಜಿಗೆ ಒಂದು ಒಳ್ಳೇ ಉಪಾಯ ಈಗ ಐತಿ. ಹೀಥ್ರೋ, ಸಿಂಗಪುರದ ಚಾಂಗಿ, ದುಬೈ ಇಂಥಾ ಕಡೆ ಪೈಲಟ್ ಹೋಗಬೇಕಾದ ದಾರಿದಷ್ಟ ಹಸಿರು ಲೈಟು ಒಂದೊಂದ ಹತ್ತಕೋತ ಹೋಗತಾವು, ಅದರ ಬೆನ್ನ ಹತ್ತಿದರ ಆತು, ದಾರಿ ತಪ್ಪೂ ಮಾತೇ ಕಡಿಮಿ.

ಮೈಸೂರು ಪಯಣಿಗ:

ಸರ್, ಲಿನಾಟೆ ವಿಷಯ ಓದಿ ಮೈ ಜುಂ ಅಂತು. ಆದ್ರೂ ನನ್ನ ಮಾತು ಪೂರ್ತಿ ಬಿಡಲ್ಲ. ಪೈಲಟ್ ಹೇಳ್ತಾರೆ ನನಗೆ ತುದಿ ಕಾಣಲ್ಲ, ಟವರ್ ಹೇಳತ್ತೆ ನಂದು ಗ್ಯಾರಂಟಿ ಅಲ್ಲ, ರ‍್ಯಾಂಪ್‌ನವರು ಟ್ಯಾಕ್ಸಿವೇಯಲ್ಲಿ ಇರಲ್ಲ. ಹಾಗಾದ್ರೆ ಆ ರೆಕ್ಕೆ ತುದಿ ಯಾರ ಜವಾಬ್ದಾರಿ? ಕೊನೆಗೆ ಯಾರಾದ್ರೂ ಒಬ್ರು ಹೊಣೆ ಹೊರಲೇಬೇಕಲ್ವಾ?

ಬಲಗಡೆ ಸೀಟು:

ನ್ಯಾಯವಾದ ಪ್ರಶ್ನೆ. ನಿಯಮದ ಪ್ರಕಾರ ತಾಗದ ಹಾಗೆ ನೋಡ್ಕೊಳ್ಳೋ ಕೊನೇ ಹೊಣೆ ಪೈಲಟ್‌ದೇ, ಅದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಏನಂದ್ರೆ ಹೊಣೆ ಕೊಟ್ಟ ಮೇಲೆ ಅದನ್ನ ಹೊರೋಕೆ ಬೇಕಾದ್ದನ್ನೂ ಕೊಡ್ಬೇಕು. ಇಲ್ಲಿಗೆ ಕ್ಯಾಮೆರಾ ವಿಷಯ ಬರತ್ತೆ.

2011ರ ಏಪ್ರಿಲ್ 11ರ ರಾತ್ರಿ, ನ್ಯೂಯಾರ್ಕ್ ಜೆಎಫ್‌ಕೆ. ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ ಎ380, ರೆಕ್ಕೆ ಅಗಲ 79.75 ಮೀಟರ್. ಬೋಸ್ಟನ್‌ನಿಂದ ಬಂದಿಳಿದ ಸಿಆರ್‌ಜೆ ಒಂದು ರ‍್ಯಾಂಪ್ ಕಡೆ ತಿರುಗಿ ಕಾಯ್ತಾ ನಿಂತಿತ್ತು, ರ‍್ಯಾಂಪ್ ನೋಟ ಅವ್ರು ಹೇಳಿದ ಹಾಗೇ, ಬಾಲ ಟ್ಯಾಕ್ಸಿವೇ ಕಡೆ. ಎ380 ಎಡ ರೆಕ್ಕೆ ತುದಿ ಆ ಬಾಲಕ್ಕೆ ಸಿಕ್ಕಿ ಇಡೀ ಸಣ್ಣ ವಿಮಾನವನ್ನೇ ಜನರ ಸಮೇತ ಗಿರ್ರಂತ ತಿರುಗಿಸಿಬಿಡ್ತು. ಅದೃಷ್ಟಕ್ಕೆ ಯಾರಿಗೂ ಗಾಯ ಆಗ್ಲಿಲ್ಲ. ಅದೇ ಜುಲೈನಲ್ಲಿ ಬೋಸ್ಟನ್‌ನಲ್ಲಿ 767 ಒಂದು, 2012ರ ಮೇ ತಿಂಗಳಲ್ಲಿ ಶಿಕಾಗೋದಲ್ಲಿ 747 ಕಾರ್ಗೋ ಒಂದು, ಎರಡೂ ಹೀಗೇ ಸಣ್ಣ ವಿಮಾನಕ್ಕೆ ತಾಗಿದ್ವು. ಈ ಮೂರನ್ನೂ ಇಟ್ಕೊಂಡು ಅಮೆರಿಕದ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2012ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳ್ತು, ರೆಕ್ಕೆ ತುದಿ ಸುಲಭಕ್ಕೆ ಕಾಣದ ದೊಡ್ಡ ವಿಮಾನಗಳಿಗೆ ಪೈಲಟ್‌ಗೆ ದಾರಿ ತೋರಿಸೋ ಕ್ಯಾಮೆರಾ ಥರದ ಸಾಧನ ಇರ್ಬೇಕು, ಹೊಸದಕ್ಕೂ ಹಾಕಿ, ಹಳೇದಕ್ಕೂ ಕೂಡಿಸಿ ಅಂತ. ಅದು ಎಲ್ಲಾ ದೊಡ್ಡ ವಿಮಾನಗಳಿಗೂ ಕಡ್ಡಾಯ ಆಗ್ಲಿಲ್ಲ. ಹನ್ನೆರಡು ವರ್ಷ ಆದ್ಮೇಲೆ ಅಟ್ಲಾಂಟಾ ಆಯ್ತು. ನನಗೆ ಬೇಜಾರಾಗೋದು ಇದಕ್ಕೇ. ಪೈಲಟ್‌ನ ಮನೆಗೆ ಕಳಿಸೋಕೆ ಒಂದೇ ದಿನ ಸಾಕು, ಈ ಶಿಫಾರಸು ಜಾರಿ ಮಾಡೋಕೆ ಮಾತ್ರ ಕಾಲ ಕೂಡಿ ಬರಲ್ಲ.

ಕೆಲವು ವಿಮಾನಗಳಲ್ಲಿ ಕ್ಯಾಮೆರಾ ಇದೆ, ಇಲ್ಲ ಅಂತಲ್ಲ. 777-300, ಎ380 ಇವೆಲ್ಲಾ ಉದ್ದ ಜಾಸ್ತಿ ಆದ್ದರಿಂದ ತಿರುವಲ್ಲಿ ಚಕ್ರ ಟ್ಯಾಕ್ಸಿವೇ ಬಿಟ್ಟು ಹುಲ್ಲಿಗೆ ಇಳೀದಿರಲಿ ಅಂತ ಇಟ್ಟಿರೋದು ಮುಖ್ಯವಾಗಿ. ರೆಕ್ಕೆ ತುದಿಯ ಅಂತರ ಅಳೆದು ಎಚ್ಚರಿಸೋದು ಬೇರೆ ಕೆಲಸ. ಗಾತ್ರದ ಸಮಸ್ಯೆಗೆ ಬೋಯಿಂಗ್ ಒಂದು ಬೇರೆ ದಾರಿ ಹುಡುಕಿದೆ, ಹೊಸ 777ಎಕ್ಸ್ ರೆಕ್ಕೆ 71.8 ಮೀಟರ್, ನೆಲದ ಮೇಲೆ ತುದಿ ಮೇಲಕ್ಕೆ ಮಡಚಿದ್ರೆ 64.8 ಆಗತ್ತೆ, ಅಂದ್ರೆ ಕೋಡ್ ಎಫ್‌ನಿಂದ ಕೋಡ್ ಇ ಒಳಗೆ ಬಂತು, ಈಗಿರೋ ಟ್ಯಾಕ್ಸಿವೇ ಸ್ಟ್ಯಾಂಡ್‌ಗಳೇ ಸಾಕು. ನನಗಂತೂ ಬಹಳ ಇಷ್ಟವಾದ ಐಡಿಯಾ ಅದು.

ನಮ್ಮ ಬೆಂಗಳೂರಿಗೂ 2022ರ ಅಕ್ಟೋಬರ್‌ನಿಂದ ಎಮಿರೇಟ್ಸ್ ಎ380 ಬರೋಕೆ ಶುರುವಾಯ್ತಲ್ಲ, ಅಂಥ ಕೋಡ್ ಎಫ್ ವಿಮಾನಕ್ಕೆ ಯಾವ ಟ್ಯಾಕ್ಸಿವೇ, ಯಾವ ಸ್ಟ್ಯಾಂಡ್ ಅಂತ ಮೊದಲೇ ಗೊತ್ತುಮಾಡಿರ್ತಾರೆ. ಎಲ್ಲೆಂದರಲ್ಲಿ ನುಗ್ಗೋ ಹಾಗಿಲ್ಲ.

ರ‍್ಯಾಂಪ್ ನೋಟ:

ಇನ್ನೊಂದು ಮಾತು ಸೇರಿಸ್ತೀನಿ. ಒಂಚೂರು ತಾಗಿದ್ರೂ ವಿಮಾನ ಆವತ್ತು ಹಾರಲ್ಲ, ಅದಕ್ಕೆ ಪ್ರಯಾಣಿಕರು ನಮ್ಮ ಮೇಲೆ ಕೂಗಾಡ್ತಾರೆ. 787, ಎ350 ಇವುಗಳ ರೆಕ್ಕೆ ಕಾರ್ಬನ್ ಫೈಬರ್‌ದು, ಅಲ್ಯೂಮಿನಿಯಂ ಆದ್ರೆ ತಗ್ಗು ಬಿದ್ದಿದ್ದು ಕಣ್ಣಿಗೆ ಕಾಣತ್ತೆ, ಇದರಲ್ಲಿ ಮೇಲೆ ಸಣ್ಣ ಗೀರು ಅಷ್ಟೇ ಇದ್ದು ಒಳಗೆ ಪದರ ಬಿಟ್ಟಿರ್ಬೋದು. ಇಂಜಿನಿಯರ್‌ಗಳು ಅಲ್ಟ್ರಾಸೌಂಡ್ ಹಾಕಿ ನೋಡಿ ಸಹಿ ಮಾಡೋ ತನಕ ಅದು ಅಲ್ಲೇ. ರೆಕ್ಕೆ ಒಳಗೆ ಇಂಧನ ಬೇರೆ ಇರತ್ತೆ, ಅದಕ್ಕೇ ತಾಗಿದ ತಕ್ಷಣ ಫೈರ್ ಗಾಡಿ ಓಡಿ ಬರೋದು. ದಯವಿಟ್ಟು ಆ ಹೊತ್ತಲ್ಲಿ ಕೌಂಟರ್ ಹುಡುಗಿಯರ ಮೇಲೆ ರೇಗಾಡ್ಬೇಡಿ.

ದೇವನಹಳ್ಳಿ ಹಕ್ಕಿ:

ಎಲ್ರಿಗೂ ಕೈ ಮುಗಿದೆ. ಕೊನೇದಾಗಿ ಒಂದು ಪ್ರಶ್ನೆ, ಅಕ್ಕನಿಗೆ ಹೇಳೋಕೆ. ಅವಳು ಯಾವಾಗ್ಲೂ ರೆಕ್ಕೆ ಹತ್ರದ ಕಿಟಕಿ ಸೀಟೇ ತಗೊಳ್ಳೋದು. ರೆಕ್ಕೆ ಯಾವುದಕ್ಕೋ ತೀರಾ ಹತ್ರ ಹೋಗ್ತಿದೆ ಅನ್ಸಿದ್ರೆ, ಅಥವಾ ತಾಗಿದ್ದು ಕಂಡ್ರೆ ಏನು ಮಾಡ್ಬೇಕು?

ಬಲಗಡೆ ಸೀಟು:

ಕಾಲ್ ಬೆಲ್ ಒತ್ತಿ, ಯಾರೂ ಬರ್ಲಿಲ್ಲ ಅಂದ್ರೆ ಕೂತಲ್ಲಿಂದಲೇ ಜೋರಾಗಿ ಕರೀರಿ. ಎಡಗಡೆ ರೆಕ್ಕೆ, ಪಕ್ಕದ ವಿಮಾನಕ್ಕೆ ತಾಗ್ತು, ಇಷ್ಟೇ ಹೇಳಿ, ಕ್ಯಾಬಿನ್ ಸಿಬ್ಬಂದಿ ಇಂಟರ್‌ಕಾಮ್‌ನಲ್ಲಿ ನಮಗೆ ತಿಳಿಸ್ತಾರೆ. ಸಂಕೋಚ ಬೇಡ, ದೊಡ್ಡ ವಿಮಾನದಲ್ಲಿ ತುದಿ ಎಲ್ಲಿಗೋ ಉಜ್ಜಿದ್ದು ಕಾಕ್‌ಪಿಟ್‌ಗೆ ಸರಿಯಾಗಿ ಗೊತ್ತೇ ಆಗದೇ ಇರೋ ಸಾಧ್ಯತೆ ಇದೆ, ಕಿಟಕೀಲಿ ಕೂತವರು ಕಂಡಿದ್ದು ನಮಗೆ ನಿಜವಾಗ್ಲೂ ಬೇಕು. ಎದ್ದು ಮಾತ್ರ ಓಡ್ಬಾರ್ದು, ಬೆಲ್ಟ್ ಬಿಚ್ಚಬಾರ್ದು. ಜೆಎಫ್‌ಕೆಯಲ್ಲಿ ಸಣ್ಣ ವಿಮಾನ ಆ ಪಾಟಿ ತಿರುಗಿದ್ರೂ ಯಾರಿಗೂ ಏನೂ ಆಗ್ಲಿಲ್ಲ. 2025ರ ಅಕ್ಟೋಬರ್ 1ರ ರಾತ್ರಿ ನ್ಯೂಯಾರ್ಕ್‌ನ ಲಾಗಾರ್ಡಿಯಾದಲ್ಲಿ ಎರಡು ಸಿಆರ್‌ಜೆಗಳು ಟ್ಯಾಕ್ಸಿವೇ ಮೇಲೆ ಡಿಕ್ಕಿ ಹೊಡೆದಾಗ ಗಾಯ ಆಗಿದ್ದು ಒಬ್ಬ ಕ್ಯಾಬಿನ್ ಸಿಬ್ಬಂದಿಗೆ, ಅದೂ ಸಣ್ಣದು. ಆದ್ದರಿಂದ ವಿಮಾನ ಗೇಟ್‌ನಲ್ಲಿ ನಿಂತು ಬೆಲ್ಟ್ ಲೈಟ್ ಆರೋ ತನಕ, ಮೇಲಿಂದ ಬ್ಯಾಗ್ ಇಳಿಸೋಕೆ ಏಳ್ಬೇಡ ಅಂತ ಅಕ್ಕನಿಗೆ ಖಂಡಿತ ಹೇಳಿ.